ಕೆಂಪು ಕಾರಿನ ದಿಂಬು

೧ ಜುಲೈ ೨೦೦೧, ರವಿವಾರ

ನೋವು ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ದಿನಾಲೂ ಬರೆದಿಡಲು ಡಾಕ್ಟರು ಹೇಳಿದ್ದಾರೆ. ಜಿನ್ನಿಂಗ್ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಅದಕ್ಕೂ ಒಂದು ಉದ್ಯೋಗ ಸಿಕ್ಕಂತಾಯಿತು.

ಎಡ ಭುಜ. ಅಂಗಿಯ ತೋಳು ಏರಿಸುವಾಗ ಹೆಚ್ಚು. ಬೆನ್ನ ಹಿಂದಕ್ಕೆ ಕೈ ಹೋಗುವುದೇ ಇಲ್ಲ. ಕಾರಿನ ಗೇರು ಹಾಕುವಾಗ ಜೀವ ಹೋಗಿ ಬಂದಂತಾಗುತ್ತದೆ. ಈ ಕೊನೆಯದನ್ನು ಡಾಕ್ಟರಿಗೆ ಹೇಳಿಲ್ಲ. ಹೇಳಿದರೆ ಕಾರು ನಡೆಸಬೇಡಿ ಅನ್ನುತ್ತಾರೆ. ಭುಜ ಹಿಡಿದುಕೊಂಡಿದೆಯಂತೆ, ಸಕ್ಕರೆ ಇದ್ದವರಿಗೆ ಹೀಗಾಗುವುದುಂಟಂತೆ, ಬಂದ ಹಾಗೆ ಹೋಗುತ್ತದಂತೆ. ಎಷ್ಟು ದಿನಕ್ಕೆ ಎಂದರೆ, ‘ಆರು ತಿಂಗಳೂ ಆಗಬಹುದು, ವರ್ಷವೂ ಆಗಬಹುದು’ ಎಂದು ನಕ್ಕರು. ಅವರ ಭುಜವೇನು ಹಿಡಿದಿಲ್ಲವಲ್ಲ.

ಕಾರು ಬಂದದ್ದು ಮಾರ್ಚ್‌ನಲ್ಲಿ. ಪಣಜಿಯ ಒಬ್ಬರು ಇಟ್ಟುಕೊಂಡಿದ್ದ ಕೆಂಪು ಸ್ಪೋರ್ಟ್ಸ್ ಕಾರು, ಮೇಲಿನ ಹೊದಿಕೆ ಮಡಚಿದರೆ ಆಕಾಶವೇ ಮಾಳಿಗೆ. ಸೀಟು ಎರಡೇ. ಮಗಳು ಭಾಗ್ಯಶ್ರೀ ಮದುವೆಯಾಗಿ ಗದಗಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರೂ ಇಬ್ಬರೇ. ಹಾಗಾಗಿ ಲೆಕ್ಕ ಸರಿ ಇದೆ ಎಂದು ನಾನು ವಾದಿಸಿದ್ದೆ.

‘ಬೀಗರು ಬಂದ್ರ ಎಲ್ಲಿ ಕುಂದ್ರಸ್ತೀರಿ?’ ಎಂದು ಮನೆಯಾಕೆ ಕೇಳಿದಳು.

‘ಬೀಗರು ಬಸ್ಸಿಗೆ ಬರ್ಲಿ.’

ಹತ್ತು ವರ್ಷದವನಿದ್ದಾಗ ಕ್ಯಾಲೆಂಡರೊಂದರಲ್ಲಿ ಇಂಥ ಕಾರು ನೋಡಿದ್ದೆ. ಐವತ್ತೆರಡಕ್ಕೆ ಬಂತು. ಬಂದ ಮೂರನೆಯ ತಿಂಗಳಿಗೆ ಎಡಗೈ ಕೈಕೊಟ್ಟಿತು.

೮ ಜುಲೈ, ರವಿವಾರ

ಧಾರವಾಡದಿಂದ ಅಣ್ಣ ಹುಬ್ಬಳ್ಳಿಗೆ ಬಂದಿದ್ದ. ಅಣ್ಣ ಎಂದರೆ ಶಾಂತಯ್ಯ. ಅಪ್ಪ ಹೋದ ಮೇಲೆ ನನ್ನನ್ನು ಬೆಳೆಸಿದವನು, ಅಂಗಡಿಗೆ ಹಚ್ಚಿದವನು. ಅವನ ಮುಂದೆ ನಾನು ಈಗಲೂ ಕುರ್ಚಿಯ ತುದಿಯಲ್ಲಿ ಕೂಡುತ್ತೇನೆ. ಚಹಾದ ಕಪ್ಪು ಎಡಗೈಯಲ್ಲಿ ತೆಗೆದುಕೊಳ್ಳಲು ಹೋಗಿ ನಾನು ಮುಖ ಕಿವುಚಿದ್ದನ್ನು ನೋಡಿಬಿಟ್ಟ. ಅವನ ಕಣ್ಣು ತಪ್ಪಿಸಲಾಗುವುದಿಲ್ಲ.

‘ಶಂಭೂ, ಆ ಕಾರು ಮಾರಿಬಿಡು’ ಎಂದ. ‘ಬೆಳಗಾವಿ ಕುಬೇರಪ್ಪ ಎರಡು ಸರ್ತಿ ಕೇಳ್ಯಾನ. ಒಂದ ಕೈಲೆ ಗಾಡಿ ಹೊಡದು ಎಲ್ಲರೆ ಬಿದ್ದಿ ಅಂದ್ರ ನಾ ಏನ್ ಮಾಡ್ಲಿ?’

ಸಿಟ್ಟು ಬಂತು. ಅದನ್ನು ನುಂಗಿಕೊಂಡು, ದಸರೆಯ ಬನ್ನಿ ಹಬ್ಬದೊಳಗೆ ಕೈ ನೆಟ್ಟಗಾಗುತ್ತದೆ, ಆ ದಿನ ಕಾರು ತೆಗೆದುಕೊಂಡೇ ನಿನ್ನ ಮನೆಗೆ ಬರುತ್ತೇನೆ ಎಂದೆ. ಅಣ್ಣ ಚಹಾದ ಕಪ್ಪು ಕೆಳಗಿಟ್ಟ.

‘ಆತು. ಬನ್ನಿ ಕೊಡಾಕ ಸಪ್ತಾಪುರಕ್ಕ ಕಾರು ನಡಸ್ಕೊಂಡು ಬಂದವ್ರದು ಕಾರು. ಇಲ್ಲಂದ್ರ ಮರುದಿನ ಕುಬೇರಪ್ಪಗ ಫೋನ್ ಮಾಡಾಂವ ನಾನ.’

ಮಾತು ಕೊಟ್ಟೆ. ಮನೆಯಾಕೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವನ ಮುಂದೆ ಅವಳು ಮಾತಾಡುವುದಿಲ್ಲ.

ನೋವು: ಬೆಳಿಗ್ಗೆ ಹೆಚ್ಚು. ಅಣ್ಣ ಹೋದ ಮೇಲೆ ಇನ್ನೂ ಹೆಚ್ಚು.

೧೪ ಜುಲೈ, ಶನಿವಾರ

ಉಪಾಯ ಹೊಳೆದಿದೆ. ನೋವಿರುವುದು ಕೈಯನ್ನು ಗಾಳಿಯಲ್ಲಿ ತೂಗುಹಾಕಿಕೊಂಡು ಕೂಡುವುದರಿಂದ. ಎರಡು ಸೀಟಿನ ನಡುವೆ ಒಂದು ಆರ್ಮ್‌ರೆಸ್ಟ್ ಇದ್ದರೆ ಮೊಣಕೈ ಅದರ ಮೇಲೆ ಇರುತ್ತದೆ, ಅಂಗೈ ಗೇರಿನ ಮೇಲೆ ಇರುತ್ತದೆ, ಭುಜಕ್ಕೆ ಕೆಲಸವೇ ಇಲ್ಲ. ಕಮರಿಪೇಟೆಯ ಕಮರುದ್ದೀನನ ಕಡೆ ಹೋದೆ. ಅವನ ಅಪ್ಪ ನಮ್ಮ ಮನೆಗೆ ಗಾದಿಯ ಅರಳೆ ಹಿಂಜಲು ಬರುತ್ತಿದ್ದ. ಕಮರುದ್ದೀನ ಟೆಂಪೊ, ಟ್ರ್ಯಾಕ್ಟರ್, ಕಾರುಗಳ ಸೀಟು ಹೊಲಿಯುತ್ತಾನೆ.

ಅವನು ಕಾರಿನಲ್ಲಿ ಕುಳಿತ, ಗೇರು ಹಿಡಿದ, ಮೊಣಕೈ ಹಿಂದೆ ಮುಂದೆ ಆಡಿಸಿದ, ಇಳಿದ.

‘ಬ್ಯಾಡ್ರಿ ಸಾವಕಾರ್ರ.’

‘ಯಾಕ?’

‘ಮೆತ್ತಗ ಹೋಗೂ ಗಾಡಿಗೆ ಕೈ ಇಡೂದು ಬೇಕ್ರಿ. ಈ ಗಾಡ್ಯಾಗ ಕೈ ಸುಮ್ನ ಕುಂದ್ರೂದಿಲ್ಲ. ಒಂದನೇ ಗೇರು ಮುಂದ, ಎರಡನೇದು ಹಿಂದ. ಹಿಂದ ಎಳಿಯೂ ಹೊತ್ತಿನ್ಯಾಗ ನಿಮ್ಮ ಮೊಣಕೈ ಎಲ್ಲಿ ಹೋಗಬೇಕ್ರಿ? ದಿಂಬಿಗೆ ಹೋಗಿ ಬಡಿತೈತಿ.’

‘ದೊಡ್ಡ ದೊಡ್ಡ ಕಾರಿನ್ಯಾಗ ಇರತೈತಲ್ಲಪಾ.’

‘ಅವ್ರು ಹಿಂದ ಕುಂತು ಪೇಪರ್ ಓದ್ತಾರ್ರಿ. ನಡಸಾವ್ರು ಬ್ಯಾರೆ.’

ಹೊಲಿಯುವವನು ಹೊಲಿಯಬೇಕು, ಉಪನ್ಯಾಸ ಮಾಡಬಾರದು ಎಂದೆ. ಅವನು ನಕ್ಕು ಟೇಪು ತೆಗೆದ. ಒಳಗೆ ಫೋಮ್ ತುಂಬುತ್ತೇನೆ ಎಂದದ್ದಕ್ಕೆ ನಾನು ಒಪ್ಪಲಿಲ್ಲ. ಮೂವತ್ತು ವರ್ಷ ಹತ್ತಿಯ ದಲಾಲಿ ಮಾಡಿದವನ ಕಾರಿನಲ್ಲಿ ಫೋಮ್ ಎಂದರೆ ನಾಲ್ಕು ಜನ ನಗುತ್ತಾರೆ. ಉದ್ದೆಳೆಯ ಡಿಸಿಎಚ್ ಅರಳೆ, ರೇಷ್ಮೆಯಂಥದ್ದು, ನಾನೇ ಕಳಿಸುತ್ತೇನೆ ಎಂದೆ.

‘ಅದು ನೂಲಿಗೆ ಛಲೋ, ದಿಂಬಿಗಲ್ರಿ’ ಎಂದ. ಅದಕ್ಕೂ ಉಪನ್ಯಾಸ.

೨೫ ಜುಲೈ, ಬುಧವಾರ. ಪಂಚಮಿ

ಆರ್ಮ್‌ರೆಸ್ಟ್ ಬಂತು. ಕಪ್ಪು ರೆಕ್ಸಿನ್, ಕೆಂಪು ದಾರದ ಹೊಲಿಗೆ. ಮೊಣಕೈ ಇಟ್ಟರೆ ಮೇಲೆ ತೇಲಿದಂತಾಗುತ್ತದೆ. ಕಾರು ನಿಲ್ಲಿಸಿಕೊಂಡೇ ಅರ್ಧ ತಾಸು ಕುಳಿತೆ. ಮನೆಯಾಕೆ ಶೇಂಗಾ ಉಂಡಿಯ ತಾಟು ಹಿಡಿದು ಅಂಗಳಕ್ಕೆ ಬಂದು, ‘ಗಾದಿನೂ ಹಾಕಸ್ರಿ, ಅಲ್ಲೇ ಮಲಕೋಬಹುದು’ ಎಂದಳು. ಅವಳಿಗೆ ಎಲ್ಲವೂ ತಮಾಷೆ.

ನೋವು: ಕಡಿಮೆ. ನಿಂತ ಕಾರಿನಲ್ಲಿ.

೨ ಆಗಸ್ಟ್, ಗುರುವಾರ

ಎಂಟು ದಿನಕ್ಕೇ ದಿಂಬು ಕಲ್ಲಾಯಿತು. ಆ ನುಣುಪಾದ ಅರಳೆ ಒಂದಕ್ಕೊಂದು ಅಂಟಿ ಕುಗ್ಗಿ ಕೂತಿದೆ, ಮೊಣಕೈಯ ಜಾಗದಲ್ಲಿ ಕುಳಿ ಬಿದ್ದಿದೆ. ಕಮರುದ್ದೀನ ಬಿಚ್ಚಿ ನೋಡಿದ. ನಗಲಿಲ್ಲ, ಅದೇ ಹೆಚ್ಚು ನೋವಾಯಿತು. ಅವನ ಅಪ್ಪ ಗಾದಿಗೆ ಯಾವಾಗಲೂ ಗಿಡ್ಡೆಳೆಯ ಒರಟು ಜಯಧರವನ್ನೇ ಕೇಳುತ್ತಿದ್ದನಂತೆ. ಒರಟಾದದ್ದೇ ಪುಟಿದು ಮೇಲೇಳುತ್ತದಂತೆ. ಮೂವತ್ತು ವರ್ಷ ನಾನು ಜಯಧರವನ್ನು ಅಗ್ಗದ ಮಾಲು ಎಂದು ಮೂಲೆಗೆ ತಳ್ಳಿದವನು. ಹತ್ತಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅದನ್ನು ಮಾರುವವನಿಗೆ ಗೊತ್ತಿರುವಷ್ಟು. ಅದರ ಮೇಲೆ ಮಲಗುವವನಿಗೆ ಗೊತ್ತಿರುವುದು ಬೇರೆ. ಜಯಧರವನ್ನೇ ತುಂಬು ಎಂದೆ.

೯ ಆಗಸ್ಟ್, ಗುರುವಾರ

ಇಂದಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಧಾರವಾಡದಲ್ಲಿ ಮನೆಯಾಕೆಯ ತಂಗಿ ರೇಣವ್ವನ ಮೊಮ್ಮಗಳ ಹೆಸರಿಡುವ ಕಾರ್ಯ. ಹೊಸದಾಗಿ ತುಂಬಿದ ದಿಂಬಿನ ಧೈರ್ಯದ ಮೇಲೆ ಕಾರು ತೆಗೆದೆ. ಉಣಕಲ್ಲ ಹತ್ತಿರ ಲಾರಿಯ ಹಿಂದೆ ನಿಧಾನ ಮಾಡಿ ಎರಡನೇ ಗೇರಿಗೆ ಎಳೆದೆ. ಮೊಣಕೈ ದಿಂಬಿಗೆ ಬಡಿಯಿತು, ಭುಜದಲ್ಲಿ ಸಿಡಿಲು ಹೊಡೆಯಿತು, ಗೇರು ಬೀಳಲಿಲ್ಲ, ಕಾರು ರಸ್ತೆಯ ನಡುವೆ ನಿಂತುಬಿಟ್ಟಿತು. ಹಿಂದೆ ಎರಡು ಬಸ್ಸು, ಒಂದು ಟ್ರ್ಯಾಕ್ಟರ್, ಅವುಗಳ ಹಾರ್ನು. ಜನ ಕೆಂಪು ಕಾರು ನೋಡಲು ಬಗ್ಗುತ್ತಾರೆ, ನಡೆಸುವವನನ್ನೂ ನೋಡುತ್ತಾರೆ. ನನಗೆ ಕೈ ಎತ್ತಲೇ ಆಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು.

ಅವಳು ನನ್ನ ಕೈಯನ್ನು ಮೆಲ್ಲಗೆ ಎತ್ತಿ ದಿಂಬಿನ ಮೇಲೆ ಇಟ್ಟಳು. ಆಮೇಲೆ ತನ್ನ ಬಲಗೈಯಿಂದ ಗೇರು ಹಿಡಿದಳು.

‘ಎತ್ತಲಾಗ ಹಾಕ್ಲಿ, ಹೇಳ್ರಿ.’

‘ನಿನಗ ಬರೂದಿಲ್ಲ.’

‘ಎತ್ತಲಾಗ?’

ಮುಂದೆ, ಎಡಕ್ಕೆ ಎಂದೆ. ಕ್ಲಚ್ ಒತ್ತಿದೆ. ಅವಳು ಹಾಕಿದಳು. ಕಾರು ಹೊರಟಿತು. ಧಾರವಾಡದವರೆಗೂ ನಾನು ‘ಎರಡು’, ‘ಮೂರು’ ಅನ್ನುವುದು, ಅವಳು ಹಾಕುವುದು. ಹೆಸರಿಡುವ ಹೊತ್ತಿಗೆ ತಲುಪಿದೆವು. ಯಾರಿಗೂ ಏನೂ ಹೇಳಲಿಲ್ಲ.

೧೩ ಆಗಸ್ಟ್, ಸೋಮವಾರ

ವ್ಯವಸ್ಥೆ ಒಂದು ಹದಕ್ಕೆ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಅವಳು ನನ್ನ ಜೊತೆ ಅಮರಗೋಳದ ಮಾರುಕಟ್ಟೆಯ ನನ್ನ ಅಂಗಡಿಯ ತನಕ ಬರುತ್ತಾಳೆ, ಗೇರು ಹಾಕಲು. ಅಲ್ಲಿಂದ ಸಿಟಿ ಬಸ್ಸಿಗೆ ಮನೆಗೆ ಹೋಗುತ್ತಾಳೆ. ಸಂಜೆ ಬಸ್ಸಿಗೆ ಬಂದು, ನನ್ನ ಜೊತೆ ಕಾರಿನಲ್ಲಿ ಮರಳುತ್ತಾಳೆ. ಎರಡು ತಿಂಗಳ ಮಾತು. ಬನ್ನಿಯೊಳಗೆ ಕೈ ಸರಿಯಾಗುತ್ತದೆ.

ಆರ್ಮ್‌ರೆಸ್ಟ್ ಈಗ ಬಹಳ ಅನುಕೂಲವಾಗಿದೆ. ಕಮರುದ್ದೀನ ಹೇಳಿದ್ದು ಸುಳ್ಳಾಯಿತು. ಅಂಗಡಿಯಿಂದ ಮನೆಯ ತನಕ ಎಡಗೈ ಅದರ ಮೇಲೆಯೇ ಇರುತ್ತದೆ, ನೋವೇ ಇಲ್ಲ.

೨೨ ಆಗಸ್ಟ್, ಬುಧವಾರ. ಗಣಪತಿ ಹಬ್ಬ

ಮೂರ್ತಿಯನ್ನು ಕಾರಿನಲ್ಲಿ ತಂದೆವು. ಗಣಪತಿ ಅವಳ ತೊಡೆಯ ಮೇಲೆ, ಅವಳ ಒಂದು ಕೈ ಗಣಪತಿಯ ಬೆನ್ನಿಗೆ, ಒಂದು ಕೈ ಗೇರಿಗೆ. ಮೂರನೆಯವರು ಎಲ್ಲಿ ಕೂಡಬೇಕು ಎಂಬ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ ಎಂದೆ. ದುರ್ಗದಬೈಲಿನಿಂದ ಮನೆಯ ತನಕ ನಕ್ಕಳು.

೩೦ ಆಗಸ್ಟ್, ಗುರುವಾರ

ಇಂದು ಒಂದು ವಿಚಿತ್ರ. ನಾನು ‘ಮೂರು’ ಅನ್ನಲು ಬಾಯಿ ತೆರೆಯುವುದರೊಳಗೆ ಅವಳ ಕೈ ಗೇರಿನ ಮೇಲಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

‘ಕೇಳಸ್ತೈತಲ್ರಿ. ಒದರಾಕತ್ತತಿ ಅಂದ್ರ ಮ್ಯಾಲಿನ ಗೇರು ಬೇಕು. ಗುರುಗುಟ್ಟಾಕತ್ತತಿ ಅಂದ್ರ ಕೆಳಗಿಂದು.’

ಇಪ್ಪತ್ತೇಳು ವರ್ಷ ನನ್ನ ಜೊತೆ ಇದ್ದು ಅವಳಿಗೆ ಒದರುವುದೂ ಗುರುಗುಟ್ಟುವುದೂ ಚೆನ್ನಾಗಿ ತಿಳಿದಿದೆ. ಈಗ ‘ಕ್ಲಚ್ ಒತ್ರಿ’ ಎಂದು ಅವಳೇ ಹೇಳುತ್ತಾಳೆ. ನಾನು ಒತ್ತುತ್ತೇನೆ. ಅಷ್ಟಕ್ಕೂ ಸ್ಟೇರಿಂಗ್ ನನ್ನ ಕೈಯಲ್ಲೇ ಇದೆಯಲ್ಲ.

ಡಾಕ್ಟರು ಗೋಡೆಯ ವ್ಯಾಯಾಮ ಹೇಳಿದ್ದಾರೆ. ಗೋಡೆಗೆ ಎದುರು ನಿಂತು ಎಡಗೈಯ ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದು. ಎಲ್ಲಿಯ ತನಕ ಹೋಯಿತೋ ಅಲ್ಲಿ ಮನೆಯಾಕೆ ಗೌರಿ ಪೆನ್ಸಿಲಿನಿಂದ ಗೀಟು ಹಾಕುತ್ತಾಳೆ. ಮೊದಲ ಗೀಟು ಎದೆಯ ಮಟ್ಟಕ್ಕಿದೆ.

೭ ಸೆಪ್ಟೆಂಬರ್, ಶುಕ್ರವಾರ

ಮಧ್ಯಾಹ್ನ ಮನೆಗೆ ಫೋನು ಮಾಡಿದರೆ ಗೌರಿ ಇರಲಿಲ್ಲ. ಮನೆ ನೋಡಿಕೊಳ್ಳಲು ಬಂದಿದ್ದ ಪಕ್ಕದ ಮನೆಯ ಯಂಕವ್ವ ಎತ್ತಿದಳು. ಸಂಜೆ ಕೇಳಿದರೆ, ‘ವಿದ್ಯಾನಗರದಾಗ ಇಳದಿದ್ದೆ, ಸ್ವಲ್ಪ ಕೆಲಸ ಇತ್ತು’ ಎಂದಳು. ಮೊನ್ನೆಯೂ ಹಾಗೇ ಅಂದಿದ್ದಳು. ಏನು ಕೆಲಸ ಎಂದು ಕೇಳಬೇಕೆಂದಿದ್ದೆ, ಮಾರುಕಟ್ಟೆಯ ತಲೆಬಿಸಿಯಲ್ಲಿ ಮರೆತೆ.

ನೋವು: ಮಧ್ಯಮ.

೧೯ ಸೆಪ್ಟೆಂಬರ್, ಬುಧವಾರ

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಕೂತು ಯೋಚಿಸಿದೆ. ಸ್ಪೋರ್ಟ್ಸ್ ಕಾರಿಗೆ ಆರ್ಮ್‌ರೆಸ್ಟ್ ಬೇಕೇ ಬೇಡವೇ? ಕಮರುದ್ದೀನನ ವಾದ ಏನೆಂದರೆ, ಇಂಥ ಕಾರು ಮಾಡಿದ್ದು ಎರಡೂ ಕೈಗೆ ಕೆಲಸ ಕೊಡುವುದಕ್ಕೆ. ಕೈಗೆ ಆರಾಮ ಬೇಕಾದವನು ಬೇರೆ ಕಾರು ಕೊಳ್ಳಬೇಕು. ನನ್ನ ವಾದ, ಆರಾಮವಾಗಿ ಕೂತವನೇ ಎಚ್ಚರವಾಗಿ ನಡೆಸುತ್ತಾನೆ. ಈ ಆರು ವಾರದಲ್ಲಿ ಒಂದು ಸಲವೂ ಕಾರು ನಿಂತಿಲ್ಲ, ಒಂದು ಸಲವೂ ಗೇರು ಕಿರುಗುಟ್ಟಿಲ್ಲ. ಮಾರ್ಚ್‌ನಲ್ಲಿ ನನ್ನ ಕೈ ನೆಟ್ಟಗಿದ್ದಾಗಲೂ ಕಾರು ಇಷ್ಟು ನುಣ್ಣಗೆ ಓಡಿರಲಿಲ್ಲ. ಅಂದರೆ ದಿಂಬಿನಿಂದ ಗುಣವಿದೆ ಎಂದೇ ಆಯಿತು.

ಗೌರಿಗೆ ಇದನ್ನು ಹೇಳಿದೆ. ‘ಹೌದ್ರಿ, ಎಲ್ಲಾ ದಿಂಬಿಂದ’ ಎಂದಳು. ಅವಳ ದನಿಯಲ್ಲಿ ಏನೋ ಇತ್ತು.

೨೭ ಸೆಪ್ಟೆಂಬರ್, ಗುರುವಾರ

ಸಂಜೆ ಜೋರು ಮಳೆ. ಕಾರಿನ ಹೊದಿಕೆ ಸೋರುತ್ತದೆಂದು ಅಂಗಡಿಯಲ್ಲೇ ಕಾದೆ. ಗೌರಿ ಬರಬೇಕಾದ ಬಸ್ಸು ಒಂದು ತಾಸು ತಡ. ಆರೂವರೆಗೆ ಗೇಟಿನ ಹತ್ತಿರ ಹೋಗಿ ನೋಡಿದರೆ, ಸೀರೆಯ ಅಂಚು ಮೊಣಕಾಲ ತನಕ ಕೆಸರು, ಕೊಡೆ ಒಂದು ಕಡೆ ಮುರಿದಿದೆ, ಕೈಯಲ್ಲಿ ನನ್ನ ಸಕ್ಕರೆಯ ಗುಳಿಗೆ ಮತ್ತು ಎರಡು ಚಪಾತಿಯ ಗಂಟು.

ನಲವತ್ತೆಂಟು ವರ್ಷದ ಹೆಂಗಸು ದಿನಕ್ಕೆ ಎರಡು ಬಸ್ಸು ಹಿಡಿದು ಬರುವುದು ನಾನು ಒಂದು ಕಾರಿನಲ್ಲಿ ಕೂತು ಬರಲಿ ಎಂದು. ಇದನ್ನು ಇಷ್ಟು ದಿನ ನಾನು ಹೀಗೆ ನೋಡಿರಲಿಲ್ಲ. ನಾಚಿಕೆಯಾಯಿತು. ‘ನಾಳಿಂದ ರಿಕ್ಷಾದಾಗ ಹೋಗ್ತೇನಿ, ನೀ ಬರಬ್ಯಾಡ’ ಎಂದೆ.

‘ಬನ್ನಿಗೆ ಇನ್ನ ತಿಂಗಳೈತಿ. ಈಗ ಬಿಟ್ರ ನನ್ನ ಕೈ ರೂಢಿ ತಪ್ತೈತಿ’ ಎಂದಳು.

‘ನನ್ನ ಕೈ’ ಎಂದಳು. ‘ನಿಮ್ಮ ಕೈ’ ಎನ್ನಲು ಹೋಗಿ ತಪ್ಪಿರಬೇಕು.

೮ ಅಕ್ಟೋಬರ್, ಸೋಮವಾರ

ಡಾಕ್ಟರು ಕೈ ಎತ್ತಿಸಿ ನೋಡಿದರು. ಸ್ವಲ್ಪ ಸುಧಾರಿಸಿದೆ, ಇನ್ನೂ ಮೂರು ತಿಂಗಳು ಬೇಕು ಎಂದರು. ಬನ್ನಿಗೆ ಉಳಿದದ್ದು ಹದಿನೆಂಟು ದಿನ. ಗೋಡೆಯ ಗೀಟು ಗದ್ದದ ಮಟ್ಟಕ್ಕೆ ಬಂದಿದೆ. ಅದರ ಮೇಲೆ ಒಂದು ಮೊಳ ಎತ್ತರಕ್ಕೆ ಕ್ಯಾಲೆಂಡರಿನ ಮೊಳೆ. ಅಲ್ಲಿ ಮುಟ್ಟಿದ ದಿನ ಗುಣವಾಯಿತು ಎಂದು ಲೆಕ್ಕ.

೧೪ ಅಕ್ಟೋಬರ್, ರವಿವಾರ

ಮನಸ್ಸಿನಲ್ಲಿ ಒಂದು ಮುಳ್ಳು. ಬನ್ನಿಯ ದಿನ ಗೌರಿ ಗೇರು ಹಾಕಿ, ನಾನು ಸ್ಟೇರಿಂಗ್ ಹಿಡಿದು ಸಪ್ತಾಪುರಕ್ಕೆ ಹೋದರೆ, ಕಾರು ನಡೆಸಿಕೊಂಡು ಬಂದವನು ನಾನೇ ಎಂದು ಅಣ್ಣನಿಗೆ ಹೇಳಬಹುದೇ? ಕಾಲು ನನ್ನದು, ಬಲಗೈ ನನ್ನದು. ಗೇರು ಅವಳದು. ಯಾವಾಗ ಹಾಕಬೇಕೆಂಬ ಬುದ್ಧಿಯೂ ಅವಳದು. ಅಣ್ಣನ ಮನೆಯ ತಿರುವಿನಲ್ಲಿ ಅವಳು ಕೈ ತೆಗೆದುಬಿಟ್ಟರೆ ಅಣ್ಣನಿಗೆ ಗೊತ್ತೇ ಆಗುವುದಿಲ್ಲ. ಆದರೆ ಅಣ್ಣನಿಗೆ ನಾನು ಇಷ್ಟು ವರ್ಷದಲ್ಲಿ ಸುಳ್ಳು ಹೇಳಿಲ್ಲ. ಸಿಗರೇಟಿನ ವಿಷಯ ಬಿಟ್ಟು.

೨೧ ಅಕ್ಟೋಬರ್, ರವಿವಾರ

ಬೈರಿದೇವರಕೊಪ್ಪದ ಹತ್ತಿರ ಬೆಳಿಗ್ಗೆ. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್. ದಾಟಿಬಿಡೋಣ ಎಂದು ಬಲಕ್ಕೆ ತಿರುಗಿಸಿ ‘ನಾಕು’ ಎಂದೆ. ಗೌರಿ ಹಾಕಲಿಲ್ಲ.

‘ನಾಕು ಹಾಕು!’

‘ಬ್ರೇಕ್ ಹಾಕ್ರಿ!’ ಎಂದು ಕೂಗಿ ಕೆಳಗಿನ ಗೇರಿಗೆ ಎಳೆದಳು. ಕಾರು ಮುಗ್ಗರಿಸಿ ನಿಧಾನವಾಯಿತು. ಟ್ರ್ಯಾಕ್ಟರಿನ ಆ ಕಡೆಯಿಂದ ಬಸ್ಸು ಬಂದು, ನಮ್ಮ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಹೋಯಿತು. ಎಡ ಸೀಟಿನಿಂದ ಅವಳಿಗೆ ಬಸ್ಸು ಕಂಡಿರಲಿಲ್ಲ. ಹಾರ್ನು ಕೇಳಿಸಿತ್ತು. ನನಗೆ ಅದೂ ಕೇಳಿಸಿರಲಿಲ್ಲ.

ಕಾರು ಬದಿಗೆ ನಿಲ್ಲಿಸಿದೆ. ಸ್ಟೇರಿಂಗ್ ಬಿಟ್ಟು ಹಣೆಯ ಬೆವರು ಒರೆಸಿಕೊಂಡೆ. ಅವಳ ಕೈ ಇನ್ನೂ ಗೇರಿನ ಮೇಲೇ ಇತ್ತು.

೨೩ ಅಕ್ಟೋಬರ್, ಮಂಗಳವಾರ

ತೀರ್ಮಾನ ಮಾಡಿದೆ. ನಾನು ಕಾರು ನಡೆಸಲಾರೆ. ಈ ಒಂದು ವಾಕ್ಯ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಬನ್ನಿಯ ದಿನ ಬಸ್ಸಿಗೆ ಹೋಗಿ ಅಣ್ಣನಿಗೆ ಹೇಳುತ್ತೇನೆ, ಕುಬೇರಪ್ಪ ಬಂದು ಒಯ್ಯಲಿ. ಹಾಲಿಗೆ ಹೆಪ್ಪು ಹಾಕುತ್ತಿದ್ದ ಗೌರಿಗೆ ಹೇಳಿದೆ. ತಿರುಗಿ ನೋಡಲಿಲ್ಲ.

‘ಆಯುಧ ಪೂಜಿಗೆ ತೊಳಿಸಿ ಇಡ್ರಿ. ಪೂಜಿ ಇಲ್ಲದ ಕಳಸಬಾರ್ದು’ ಎಂದಳು.

ಅವಳಿಗೆ ದುಃಖವಾಗಿಲ್ಲವಲ್ಲ ಎಂದು ನನಗೆ ದುಃಖವಾಯಿತು. ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಹತ್ತು ವರ್ಷದ ಹುಡುಗನಿಗೆ ಅವನ ಕ್ಯಾಲೆಂಡರನ್ನು ಯಾರೋ ಕಿತ್ತುಕೊಂಡರೆ ಹೇಗಾಗಬಹುದೋ ಹಾಗಾಯಿತು.

೨೬ ಅಕ್ಟೋಬರ್, ಶುಕ್ರವಾರ. ಬನ್ನಿ

ಎಲ್ಲವನ್ನೂ ಬರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಸಂಜೆ ನಾಲ್ಕಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಲು ರಿಕ್ಷಾ ತರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಹೊರಗೆ ನೋಡಿದರೆ ಕಾರಿನ ಹೊದಿಕೆ ಮಡಚಿದೆ, ನಿನ್ನೆಯ ಚೆಂಡುಹೂವಿನ ಮಾಲೆ ಹಾಗೇ ಇದೆ, ಬಲಗಡೆಯ ಸೀಟಿನಲ್ಲಿ ಗೌರಿ ಕೂತಿದ್ದಾಳೆ. ಹಸಿರು ಇಳಕಲ್ಲ ಸೀರೆ. ತೊಡೆಯ ಮೇಲೆ ಬನ್ನಿ ಎಲೆಯ ಗಂಟು.

‘ಬರ್ರಿ, ಆ ಕಡೆ ಕುಂದರ್ರಿ.’

‘ಏನ್ ಹುಚ್ಚು ಹಿಡದೈತೇನ ನಿನಗ?’

ಅವಳು ಗಂಟಿನೊಳಗಿಂದ ಒಂದು ಪುಟ್ಟ ಪುಸ್ತಕ ತೆಗೆದು ಕೊಟ್ಟಳು. ಲೈಸನ್ಸು. ಅವಳ ಫೋಟೊ, ಅವಳ ಹೆಸರು, ಹತ್ತು ದಿನದ ಹಿಂದಿನ ಸಿಕ್ಕೆ. ವಿದ್ಯಾನಗರದ ಕೆಲಸ ಅಂದರೆ ಇದು. ಬಸ್ಸಿನಿಂದ ಇಳಿದು ದಿನಾ ಅರ್ಧ ತಾಸು ಡ್ರೈವಿಂಗ್ ಸ್ಕೂಲಿನ ಹಳೆಯ ಕಾರು.

‘ಗೇರು ಮೊದಲ ಬರತಿತ್ತಲ್ರಿ’ ಎಂದಳು. ‘ಕಾಲಿಂದಷ್ಟ ಕಲಿಯೂದಿತ್ತು.’

‘ನನಗ ಯಾಕ ಹೇಳ್ಲಿಲ್ಲ?’

‘ನೀವು ನಿಮ್ಮ ನೋವು ಯಾರಿಗಾದ್ರೂ ಹೇಳಿದ್ರೇನು?’

ಎಡಗಡೆ ಹೋಗಿ ಕೂತೆ. ಆ ಸೀಟಿನಿಂದ ನಾನು ಯಾವತ್ತೂ ನನ್ನ ಕಾರು ನೋಡಿರಲಿಲ್ಲ. ಉಣಕಲ್ಲ ಕೆರೆ ಆ ಕಡೆಯಿಂದ ಎಷ್ಟು ಚೆನ್ನಾಗಿ ಕಾಣುತ್ತದೆ. ಅವಳು ಅವಸರ ಮಾಡಲಿಲ್ಲ, ಅಂಜಲೂ ಇಲ್ಲ. ಒಂದೆರಡು ಸಲ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿತು.

ಸಪ್ತಾಪುರದ ತಿರುವಿನಲ್ಲಿ ನಿಲ್ಲಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಗ ಮಾತ್ರ ಅವಳ ಮುಖ ಬಿಳಿಚಿತ್ತು. ‘ಭಾವಾರು ಏನಂತಾರೋ’ ಎಂದಳು. ನಾನೂ ಅಂಗಿಯ ಗುಂಡಿ ಸರಿಮಾಡಿಕೊಂಡೆ.

ಅಣ್ಣ ಗೇಟಿನಲ್ಲೇ ಇದ್ದ. ಕಾರು ನಿಂತಿತು. ಬಲಗಡೆ ನೋಡಿದ, ಎಡಗಡೆ ನೋಡಿದ. ಓಣಿಯ ಜನವೂ ನೋಡುತ್ತಿದ್ದರು. ನಾನು ಇಳಿದು ಅವನ ಕಾಲು ಮುಟ್ಟಿದೆ.

‘ಅಣ್ಣಾ, ನಾ ಮಾತು ಉಳಿಸ್ಕೊಳ್ಳಲಿಲ್ಲ. ನನ್ನ ಕೈಲೆ ಆಗ್ಲಿಲ್ಲ. ಕುಬೇರಪ್ಪಗ ಫೋನ್ ಮಾಡು.’

ಅಣ್ಣ ನನ್ನನ್ನು ದಾಟಿ ಬಲಗಡೆಯ ಬಾಗಿಲಿಗೆ ಹೋದ. ಗೌರಿ ಇಳಿದು ತಲೆ ತಗ್ಗಿಸಿ ನಿಂತಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಅವರಿಬ್ಬರೂ ಎದುರು ನಿಂತು ಮಾತಾಡಿದ್ದು ನಾನು ನೋಡಿಲ್ಲ.

‘ಹುಬ್ಬಳ್ಳಿಯಿಂದ ನೀನ ತಂದ್ಯೇನವಾ?’

‘ಹೌದ್ರಿ.’

‘ದಾರ್ಯಾಗ ಇಂವಾ ಎಲ್ಲೂ ಮುಟ್ಟಲಿಲ್ಲ?’

‘ಇಲ್ರಿ. ಸುಮ್ನ ಕುಂತಿದ್ರು.’

‘ಇಂವಾ ಸುಮ್ನ ಕುಂತಿದ್ದು ದೊಡ್ಡದು’ ಎಂದು ಅಣ್ಣ ಅವಳ ಕೈಯಿಂದ ಬನ್ನಿ ತೆಗೆದುಕೊಂಡ. ‘ನಡಸ್ಕೊಂಡು ಬಂದವ್ರದು ಕಾರು ಅಂದಿದ್ದೆ. ನನ್ನ ಮಾತು ನಾ ತಪ್ಪೂದಿಲ್ಲ. ಕಾರು ನಿಂದವಾ. ಬಂಗಾರದಂಗ ಇರ್ರಿ.’

ಗೌರಿ ಅತ್ತಳು. ನಾನೂ ಅತ್ತೆ, ಆದರೆ ಕತ್ತಲಾಗುತ್ತಿತ್ತು.

೨೭ ಅಕ್ಟೋಬರ್, ಶನಿವಾರ

ಬೆಳಿಗ್ಗೆ ಕಾರಿನ ಯಜಮಾನಿ ಮೊದಲ ಆಜ್ಞೆ ಹೊರಡಿಸಿದಳು.

‘ಈ ದಿಂಬು ತಗಸ್ರಿ. ಎರಡನೇ ಗೇರಿಗೆ ನನ್ನ ಮೊಣಕೈ ಬಡಿತೈತಿ.’

‘ನನಗ ಕೈ ಇಡಾಕ ಬೇಕು’ ಎಂದೆ. ನಿನ್ನೆ ಹೋಗಿ ಬರುವ ತನಕ ನನ್ನ ಬಲ ಮೊಣಕೈ ಅದರ ಮೇಲೇ ಇತ್ತು, ಬಹಳ ಸುಖವಾಗಿತ್ತು.

‘ನಡಸಾವ್ರು ನೀವೋ ನಾನೋ?’

ಕಮರಿಪೇಟೆಗೆ ಹೋದೆವು. ಗೌರಿ ಬಲಗಡೆಯಿಂದ ಇಳಿದದ್ದನ್ನು ನೋಡಿ ಕಮರುದ್ದೀನ ಸೂಜಿ ಕೆಳಗಿಟ್ಟ. ‘ಏನ್ ಮಾಡ್ಲಿರಿ ಗೌರಕ್ಕಾರ?’ ಎಂದು ಅವಳನ್ನೇ ಕೇಳಿದ. ನಾಲ್ಕು ಸ್ಕ್ರೂ ಬಿಚ್ಚಿದ, ಮುಗಿಯಿತು. ಜುಲೈನಲ್ಲಿ ತಾನು ಇದನ್ನೇ ಹೇಳಿದ್ದೆ ಎನ್ನಲಿಲ್ಲ. ನಾನೇ ಹೇಳಿದೆ. ಜಯಧರದ ಆ ದಿಂಬನ್ನು ಮನೆಗೆ ತಂದು ನನ್ನ ಆರಾಮ ಕುರ್ಚಿಗೆ ಹಾಕಿಕೊಂಡಿದ್ದೇನೆ. ಇನ್ನೂ ಪುಟಿಯುತ್ತದೆ.

ಮರಳುವಾಗ ಬಲಗೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡೆ.

೧೪ ಜನೆವರಿ ೨೦೦೨, ಸೋಮವಾರ. ಸಂಕ್ರಮಣ

ಎರಡೂವರೆ ತಿಂಗಳು ಬರೆದಿಲ್ಲ. ಬರೆಯುವಂಥ ನೋವಿರಲಿಲ್ಲ ಎಂದು ಈಗ ತಿಳಿಯುತ್ತಿದೆ. ಹಳೆಯ ಡೈರಿಯಲ್ಲೇ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಗೌರಿ ನನ್ನನ್ನು ಅಮರಗೋಳಕ್ಕೆ ಬಿಡುತ್ತಾಳೆ, ಕಾರು ಒಯ್ಯುತ್ತಾಳೆ, ಸಂಜೆ ಕರೆಯಲು ಬರುತ್ತಾಳೆ. ನಡುವಿನ ಹೊತ್ತಿನಲ್ಲಿ ಎಲ್ಲೆಲ್ಲಿ ಹೋಗುತ್ತಾಳೋ. ಮೊನ್ನೆ ಗದಗಿಗೆ ಮಗಳ ಮನೆಗೆ ಹೋಗಿ ಬಂದಳು, ಯಂಕವ್ವನನ್ನು ಕೂಡಿಸಿಕೊಂಡು. ದಾರಿಯಲ್ಲಿ ನಾವು ಮಾತಾಡುತ್ತೇವೆ. ಮೊದಲೆಲ್ಲ ಕಾರಿನಲ್ಲಿ ನಾನು ಗಾಡಿಯ ಬಗ್ಗೆ ಬಿಟ್ಟು ಬೇರೆ ಏನು ಮಾತಾಡುತ್ತಿದ್ದೆನೋ ನೆನಪಿಲ್ಲ.

ಇಂದು ಅಂಗಡಿಗೆ ರಜೆ. ಗೌರಿ ಎಳ್ಳು ಬೀರಲು ಹೋಗಿದ್ದಾಗ ಗೋಡೆಯ ಮೇಲೆ ಹಳೆಯ ವರ್ಷದ ಕ್ಯಾಲೆಂಡರು ಇನ್ನೂ ತೂಗುತ್ತಿತ್ತು. ಬಲಗೈಯಲ್ಲಿ ಚಹಾ ಇತ್ತು. ಹಳೆಯದನ್ನು ತೆಗೆದು ಹೊಸದನ್ನು ಮೊಳೆಗೆ ಹಾಕಿದೆ. ಹಾಕಿ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಮುಗಿಸಿದ ಮೇಲೆ ಹೊಳೆಯಿತು, ಗುಣದ ಗುರುತಾದ ಆ ಮೊಳೆಗೆ ಎಡಗೈಯಿಂದ ಹಾಕಿದ್ದೆ.

ಸಂಜೆ ಎಂದಿನಂತೆ ವ್ಯಾಯಾಮ. ಗೌರಿ ಪೆನ್ಸಿಲು ಹಿಡಿದು ಪಕ್ಕದಲ್ಲಿ ನಿಂತಳು. ಬೆರಳು ಹತ್ತಿಸಿದೆ. ಗದ್ದ ದಾಟಿತು, ಮೂಗು ದಾಟಿತು, ಕಳೆದ ವಾರದ ಗೀಟಿನ ಹತ್ತಿರ ಬಂದಾಗ ‘ಅಯ್ಯೋ’ ಎಂದು ನಿಲ್ಲಿಸಿದೆ.

‘ಇಷ್ಟ ಏನ್ರಿ?’

‘ಇಷ್ಟ. ಇನ್ನೂ ನೋಯ್ತೈತಿ.’

ಅವಳು ನನ್ನನ್ನು ನೋಡಿದಳು. ತಲೆಯೆತ್ತಿ ಮೊಳೆಯಲ್ಲಿ ತೂಗುತ್ತಿದ್ದ ಹೊಸ ಕ್ಯಾಲೆಂಡರನ್ನು ನೋಡಿದಳು. ಹಳೆಯ ಗೀಟಿನ ಮೇಲೆಯೇ ಇನ್ನೊಂದು ಸಲ ಪೆನ್ಸಿಲು ಎಳೆದಳು.

‘ನಾಳೆ ಎಂಟಕ್ಕ ತಯಾರಿರ್ರಿ’ ಎಂದು ಒಳಗೆ ಹೋದಳು.